ಕಾರಿನ ಕೀಲಿಕೈ: ಅದರ ದೋಷ, ಅದರ ದುರಸ್ತಿ

ಬೀಗವನ್ನು ತೆರೆಯುವ ಉಪಕರಣಕ್ಕೆ ಕನ್ನಡ ನುಡಿಯಲ್ಲಿರುವ ಹೆಸರು ವಿಚಾರಯೋಗ್ಯವಾದುದು. ಮೈಸೂರು ಸೀಮೆಯವರು ಅದನ್ನು ಬೀಗದ ಕೈ ಎನ್ನುತ್ತಾರೆ. ಧಾರವಾಡದ ಕಡೆಯವರು ಬೀಗವನ್ನೇ ಕೀಲಿಯೆಂದು ಕರೆದು, ಅದನ್ನು ತೆರೆಯುವುದಕ್ಕೆ ಕೀಲಿಕೈ ಎನ್ನುತ್ತಾರೆ. ಹೆಸರಿನ ಪೂರ್ವಪದ ಭಿನ್ನವಾದರೂ ಉತ್ತರಪದ ಎರಡೆಡೆಯಲ್ಲಿಯೂ ಒಂದೇ: ಕೈ. ಮನುಷ್ಯನ ಕೈ ಹೊಗಲಾರದ ಕಿರುರಂಧ್ರವನ್ನು ಅವನ ಪರವಾಗಿ ಹೊಕ್ಕು, ಒಳಗಿನ ಅಗುಳಿಯನ್ನು ಸರಿಸುವ ಇನ್ನೊಂದು ಕೈ ಅದು ಎಂದು ತಿಳಿದರೆ ತಪ್ಪಾಗಲಾರದು.

ಕಾಲ ಬದಲಾದಂತೆ ಈ ಕೈಯೂ ಬದಲಾಯಿತು. ಇಂದಿನ ಮೋಟಾರು ಕಾರಿನ ಕೀಲಿಕೈ ರಂಧ್ರವನ್ನು ಹೊಗಲೇಬೇಕೆಂಬ ನಿಯಮವಿಲ್ಲ. ಹತ್ತಾರು ಹೆಜ್ಜೆ ದೂರದಲ್ಲಿ ನಿಂತು ಗುಂಡಿಯನ್ನು ಒತ್ತಿದರೆ ಸಾಕು, ನಾಲ್ಕು ಬಾಗಿಲುಗಳ ಬೀಗವೂ ಏಕಕಾಲದಲ್ಲಿ ತೆರೆದುಕೊಳ್ಳುತ್ತದೆ. 1982ರಲ್ಲಿ ಫ್ರಾನ್ಸ್ ದೇಶದ ರೆನೋ ಕಂಪನಿಯ ಫ್ಯುಯೆಗೊ ಎಂಬ ಕಾರಿನಲ್ಲಿ ಈ ಸೌಕರ್ಯ ಬಳಕೆಗೆ ಬಂದಿತು. ಆರಂಭದ ಇಂಥ ಕೀಲಿಕೈಗಳು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಳಸುತ್ತಿದ್ದುವು. ಅನಂತರ ರೇಡಿಯೊ ತರಂಗಗಳು ಆ ಸ್ಥಾನವನ್ನು ಪಡೆದುವು. ಈಗ ಸಾಧಾರಣ ಬೆಲೆಯ ಕಾರುಗಳಲ್ಲಿಯೂ ರಿಮೋಟ್ ಕೀಲಿಕೈ ಇದ್ದೇ ಇರುತ್ತದೆ.

ಆದರೆ ದೂರದಿಂದ ಕೆಲಸಮಾಡುವ ಕೈ ಒಂದು ದಿನ ಕೆಲಸವನ್ನು ನಿಲ್ಲಿಸಿದರೆ ಗತಿಯೇನು? ಮಠದ ಜಾತ್ರೆ ಮುಗಿದು, ಪ್ರಸಾದವನ್ನು ಸ್ವೀಕರಿಸಿ, ಹಳೆಯ ವಿದ್ಯಾರ್ಥಿಯೊಬ್ಬರು ವೃದ್ಧ ಮಾತೆಯೊಡನೆ ರಾತ್ರಿಯ ಹೊತ್ತು ಊರಿಗೆ ಹೊರಟಿದ್ದಾರೆಂದು ಭಾವಿಸಬಹುದು. ಗುಂಡಿಯನ್ನು ಒತ್ತುತ್ತಾರೆ, ಕಾರು ಓಗೊಡುವುದಿಲ್ಲ. ಮತ್ತೆ ಒತ್ತುತ್ತಾರೆ, ಹತ್ತಿರ ಹೋಗಿ ಒತ್ತುತ್ತಾರೆ; ಫಲವಿಲ್ಲ. ತಾಯಿಯ ಔಷಧದ ಚೀಲ ಕಾರಿನ ಒಳಗಿದೆ. ಸುತ್ತ ನಿಂತವರಲ್ಲಿ ಒಬ್ಬರು ಗಾಜು ಒಡೆಯಿರಿ ಎನ್ನುತ್ತಾರೆ, ಇನ್ನೊಬ್ಬರು ಹೊಸ ಕೀಲಿಕೈಯನ್ನೇ ತರಿಸಬೇಕು ಎನ್ನುತ್ತಾರೆ. ಗಾಜಿಗೆ ಸಾವಿರಾರು ರೂಪಾಯಿ. ಹೊಸ ಕೀಲಿಕೈಗೂ ಸಾವಿರಾರು ರೂಪಾಯಿ, ಮೇಲೆ ಹಲವು ದಿನಗಳ ಕಾಯುವಿಕೆ. ವಾಸ್ತವದಲ್ಲಿ ಆ ಕ್ಷಣಕ್ಕೆ ಬೇಕಾದ ಪರಿಹಾರ ಅವರ ಅಂಗೈಯಲ್ಲಿಯೇ ಇರುತ್ತದೆ. ಅದನ್ನು ಕಾಣಬೇಕಾದರೆ ಈ ಪುಟ್ಟ ಉಪಕರಣದ ರಚನೆಯನ್ನು ಸ್ವಲ್ಪ ಅರಿತಿರಬೇಕು.

ಒಂದರಲ್ಲಿ ಮೂರು

ನೋಟಕ್ಕೆ ಒಂದಾಗಿ ತೋರುವ ಕಾರಿನ ಕೀಲಿಕೈಯಲ್ಲಿ ಮೂರು ಬೇರೆ ಬೇರೆ ಕೀಲಿಕೈಗಳು ಅಡಗಿವೆ. ಮೊದಲನೆಯದು ಲೋಹದ ಅಲುಗು. ಇದು ಹಳೆಯ ಕಾಲದ ಕೀಲಿಕೈಯೇ. ಎರಡನೆಯದು ಟ್ರಾನ್ಸ್‌ಪಾಂಡರ್ ಎಂಬ ಕಿರು ಚಿಪ್ಪು. ಇಂಜಿನನ್ನು ಚಾಲೂ ಮಾಡುವಾಗ, ಕೀಲಿಕೈ ಈ ಕಾರಿಗೆ ಸೇರಿದುದು ಹೌದೇ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಇದರ ಕೆಲಸ. ಮೂರನೆಯದು ಗುಂಡಿ ಒತ್ತಿದಾಗ ರೇಡಿಯೊ ಸಂಕೇತವನ್ನು ಕಳುಹಿಸುವ ರಿಮೋಟ್. ಒಂದನ್ನು ಒಡಲು, ಒಂದನ್ನು ಗುರುತು, ಒಂದನ್ನು ಕರೆ ಎನ್ನಬಹುದು. ಒಡಲಿಗೆ ವಿದ್ಯುತ್ತು ಬೇಡ. ಕರೆಗೆ ಕೀಲಿಕೈಯೊಳಗಿನ ಸೆಲ್ಲು ಬೇಕೇಬೇಕು. ಗುರುತಿನ ವಿಷಯ ಸ್ವಾರಸ್ಯವಾದುದು: ಅದಕ್ಕೆ ತನ್ನದೆಂಬ ಸೆಲ್ಲು ಬೇಕಿಲ್ಲ. ಕೀಲಿ ತಿರುಗಿಸುವ ರಂಧ್ರದ ಸುತ್ತ ಕಾರಿನಲ್ಲಿ ತಂತಿಯ ಸುರುಳಿಯೊಂದು ಇರುತ್ತದೆ. ಸೆಕೆಂಡಿಗೆ ಸುಮಾರು 1,25,000 ಸಲ ಕಂಪಿಸುವ ಕಾಂತಕ್ಷೇತ್ರವನ್ನು ಅದು ಉಂಟುಮಾಡುತ್ತದೆ. ಕೀಲಿಕೈಯ ಚಿಪ್ಪಿನಲ್ಲಿರುವ ಇನ್ನೊಂದು ಪುಟ್ಟ ಸುರುಳಿ ಆ ಕ್ಷೇತ್ರದಿಂದಲೇ ಶಕ್ತಿಯನ್ನು ಪಡೆದು ಉತ್ತರವನ್ನು ಕೊಡುತ್ತದೆ. ಕೇಳಿದವರ ಮನೆಯ ದೀಪದಲ್ಲಿಯೇ ತನ್ನ ಓಲೆಯನ್ನು ಓದಿ ಹೇಳುವ ದೂತನಂತೆ ಇದರ ರೀತಿ.

ಈ ಗುರುತಿನ ಏರ್ಪಾಡು ಕಳ್ಳತನವನ್ನು ತಡೆಯಲು ಬಂದುದು. ಗುರುತು ಹೊಂದದಿದ್ದರೆ ಇಂಜಿನಿಗೆ ಚಾಲನೆ ದೊರೆಯದಂತೆ ಮಾಡುವ ಇಮೊಬಿಲೈಸರ್ ಎಂಬ ಸಾಧನ ಹೊಸ ಕಾರುಗಳಲ್ಲಿ ಇರಲೇಬೇಕೆಂದು ಯುರೋಪಿನ ಒಕ್ಕೂಟವು 1995ರ ನಿರ್ದೇಶನದಲ್ಲಿ ವಿಧಿಸಿತು. 1998ರ ಅಕ್ಟೋಬರಿನಿಂದ ಅಲ್ಲಿ ಅದು ಕಡ್ಡಾಯವಾಯಿತು.

ಈ ಮೂರು ಅಂಗಗಳಲ್ಲಿ ಒಂದು ಕೆಟ್ಟರೆ ಉಳಿದೆರಡು ಕೆಟ್ಟಂತಾಗುವುದಿಲ್ಲ ಎಂಬುದೇ ಇಲ್ಲಿ ಮುಖ್ಯವಾಗಿ ತಿಳಿಯಬೇಕಾದ ಮಾತು. ಸೆಲ್ಲು ಮುಗಿದ ಕೀಲಿಕೈ ಸತ್ತ ಕೀಲಿಕೈಯಲ್ಲ. ಅದರ ಅಲುಗು ಬಾಗಿಲನ್ನು ತೆರೆಯಬಲ್ಲದು, ಅದರ ಗುರುತು ಇಂಜಿನನ್ನು ಚಾಲೂ ಮಾಡಬಲ್ಲದು. ರಂಧ್ರವೇ ಇಲ್ಲದೆ ಗುಂಡಿಯೊತ್ತಿ ಚಾಲೂ ಮಾಡುವ ಕಾರುಗಳಿಗೂ ಈ ಮಾತು ಸಲ್ಲುತ್ತದೆ. ಅಂಥ ಕೀಲಿಕೈಯ ಕವಚದೊಳಗೆ ಪುಟ್ಟ ಅಲುಗೊಂದು ಹುದುಗಿರುತ್ತದೆ. ಪಕ್ಕದಲ್ಲಿರುವ ಚಿಕ್ಕ ಕೊಕ್ಕೆಯನ್ನು ಸರಿಸಿದರೆ ಅದು ಹೊರಬರುತ್ತದೆ. ಚಾಲಕನ ಬಾಗಿಲ ಹಿಡಿಯಲ್ಲಿ, ಕೆಲವು ಕಾರುಗಳಲ್ಲಿ ಮುಚ್ಚಳದ ಮರೆಯಲ್ಲಿ, ಅದಕ್ಕೆ ತಕ್ಕ ರಂಧ್ರವಿರುತ್ತದೆ. ಒಳಗೆ ಕುಳಿತ ಮೇಲೆ ಕೀಲಿಕೈಯನ್ನು ಚಾಲನೆಯ ಗುಂಡಿಗೆ ಆನಿಸಿ ಹಿಡಿದೋ, ಕೈಪಿಡಿಯಲ್ಲಿ ಸೂಚಿಸಿದ ಸ್ಥಳದಲ್ಲಿ ಇಟ್ಟೋ ಇಂಜಿನನ್ನು ಚಾಲೂ ಮಾಡಬಹುದು. ಅಲುಗಿನಿಂದ ಬಾಗಿಲು ತೆರೆದಾಗ ಕೆಲವು ಕಾರುಗಳು ಗಟ್ಟಿಯಾಗಿ ಕೂಗಿಕೊಳ್ಳುವುದುಂಟು. ಗಾಬರಿಯಾಗಬೇಕಿಲ್ಲ; ಗುರುತು ಹೊಂದಿ ಚಾಲನೆ ದೊರೆತೊಡನೆ ಆ ಕೂಗು ಅಡಗುತ್ತದೆ.

ದೋಷನಿರ್ಣಯ

ದುರಸ್ತಿಗೆ ಮೊದಲು ನಿದಾನ. ಇದು ವೈದ್ಯಶಾಸ್ತ್ರದ ಕ್ರಮ. ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳಿವೆ. ಒಂದು ಇದ್ದಾಗ ಇನ್ನೊಂದೂ ಇರುವುದು ಅನ್ವಯ. ಒಂದು ಇಲ್ಲದಾಗ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ಕೀಲಿಕೈಯ ದೋಷವನ್ನು ಹಿಡಿಯಲು ಈ ಎರಡು ಮಾತುಗಳಷ್ಟು ಉಪಯುಕ್ತವಾದ ಸಲಕರಣೆ ಬೇರೊಂದಿಲ್ಲ.

ಮೊದಲು ಮಾಡಬೇಕಾದುದು ಎರಡನೆಯ ಕೀಲಿಕೈಯ ಪರೀಕ್ಷೆ. ಕಾರು ಕೊಳ್ಳುವಾಗ ಬಹುಶಃ ಎಲ್ಲರಿಗೂ ಎರಡು ಕೀಲಿಕೈಗಳು ದೊರೆಯುತ್ತವೆ. ಒಂದು ಬಳಕೆಯಲ್ಲಿದ್ದು ಇನ್ನೊಂದು ಪೆಟ್ಟಿಗೆಯ ತಳದಲ್ಲಿ ಮಲಗಿರುತ್ತದೆ. ಎರಡನೆಯದು ಕೆಲಸಮಾಡಿದರೆ ದೋಷ ಮೊದಲನೆಯ ಕೀಲಿಕೈಯಲ್ಲಿದೆ. ಎರಡೂ ಕೆಲಸಮಾಡದಿದ್ದರೆ ದೋಷ ಕಾರಿನ ಕಡೆಯದೆಂದು ಊಹಿಸಬಹುದು. ಆಗ ಬಾಗಿಲು ತೆರೆದು ಒಳಗಿನ ದೀಪವನ್ನು ನೋಡಬೇಕು. ದೀಪ ಮಂಕಾಗಿದ್ದರೆ ಅಥವಾ ಉರಿಯದಿದ್ದರೆ ಕಾರಿನ 12 ವೋಲ್ಟಿನ ದೊಡ್ಡ ಬ್ಯಾಟರಿಯೇ ಬರಿದಾಗಿದೆ. ಇಂಥ ಸಂದರ್ಭದಲ್ಲಿ ಕೀಲಿಕೈಯ ಸೆಲ್ಲನ್ನು ಎಷ್ಟು ಬದಲಾಯಿಸಿದರೂ ಪ್ರಯೋಜನವಿಲ್ಲ. ದೀಪ ಚೆನ್ನಾಗಿ ಉರಿದು, ಚಾಲಕನ ಪಕ್ಕದ ಸ್ವಿಚ್ಚಿನಿಂದ ಬಾಗಿಲುಗಳ ಬೀಗ ಸರಿಯಾಗಿ ಬಿದ್ದು ಏಳುತ್ತಿದ್ದರೆ, ಬೀಗದ ಯಂತ್ರವೂ ಬ್ಯಾಟರಿಯೂ ನಿರ್ದೋಷಿಗಳು. ಸಂಕೇತವನ್ನು ಕೇಳಿಸಿಕೊಳ್ಳುವ ಕಿವಿಯನ್ನು, ಎಂದರೆ ಕಾರಿನೊಳಗಿನ ಗ್ರಾಹಕವನ್ನು, ಶಂಕಿಸಬೇಕು.

ಕೀಲಿಕೈಯಲ್ಲಿಯೇ ದೋಷವೆಂದು ಗೊತ್ತಾದ ಮೇಲೆ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಬೇಕು. ಮುಚ್ಚುವ ಗುಂಡಿ ಕೆಲಸಮಾಡಿ ತೆರೆಯುವ ಗುಂಡಿ ಮಾತ್ರ ಮಾಡದಿದ್ದರೆ, ಸೆಲ್ಲೂ ರೇಡಿಯೊ ಭಾಗವೂ ಕ್ಷೇಮವಾಗಿವೆ. ಆ ಒಂದು ಗುಂಡಿಯ ಕೆಳಗಿನ ಸ್ವಿಚ್ಚು ಸವೆದಿದೆ. ಮೊದಲು ದೂರದಿಂದ ಕೆಲಸಮಾಡುತ್ತಿದ್ದುದು ದಿನಕಳೆದಂತೆ ಹತ್ತಿರ ಬಂದರೆ ಮಾತ್ರ ಕೆಲಸಮಾಡುವಂತಾದರೆ ಸೆಲ್ಲು ಬಡವಾಗಿದೆ. ಕವಚವನ್ನು ಬಿಗಿಯಾಗಿ ಹಿಸುಕಿದಾಗ ಮಾತ್ರ ಕೆಲಸಮಾಡಿದರೆ ಒಳಗೆ ಎಲ್ಲಿಯೋ ಸಂಪರ್ಕ ಸಡಿಲಾಗಿದೆ. ಕೆಳಗೆ ಬಿದ್ದ ಮರುಕ್ಷಣದಿಂದ ನಿಂತಿದ್ದರೆ ಬೆಸುಗೆ ಬಿರುಕುಬಿಟ್ಟಿರಬಹುದು. ಒಂದು ಸ್ಥಳದಲ್ಲಿ ಮಾತ್ರ ಕೆಲಸಮಾಡದೆ ಬೇರೆಡೆ ಸರಿಯಾಗಿದ್ದರೆ ದೋಷ ಕೀಲಿಕೈಯದಲ್ಲ, ಸ್ಥಳದ್ದು. ಭಾರತದಲ್ಲಿ ಮತ್ತು ಯುರೋಪಿನಲ್ಲಿ ಇಂಥ ಕೀಲಿಕೈಗಳು ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್ ತರಂಗವನ್ನು ಬಳಸುತ್ತವೆ. ಅಮೆರಿಕದಲ್ಲಿ 315 ಮೆಗಾಹರ್ಟ್ಸ್ ರೂಢಿಯಲ್ಲಿದೆ. ಇದೇ ತರಂಗಪಟ್ಟಿಯನ್ನು ಬೇರೆ ಉಪಕರಣಗಳೂ ಬಳಸುವುದರಿಂದ, ಸಂತೆಯ ಗದ್ದಲದಲ್ಲಿ ಮೆಲುದನಿ ಕೇಳಿಸದಂತೆ, ಕೀಲಿಕೈಯ ಕರೆ ಕೆಲವೊಮ್ಮೆ ಕಾರನ್ನು ಮುಟ್ಟುವುದಿಲ್ಲ. ನಾಲ್ಕು ಹೆಜ್ಜೆ ಹತ್ತಿರ ಹೋದರೆ ಸರಿಹೋಗುತ್ತದೆ.

ಸೆಲ್ಲಿನ ವಿಚಾರ

ಕೀಲಿಕೈಯ ದೋಷಗಳಲ್ಲಿ ಸೆಲ್ಲಿನ ದೋಷವೇ ಅತಿ ಸಾಮಾನ್ಯ. ಕವಚದೊಳಗೆ ನಾಣ್ಯದಂಥ ಬಿಲ್ಲೆ ಸೆಲ್ಲೊಂದು ಇರುತ್ತದೆ. ಅದರ ಮೇಲೆ ಕೊರೆದಿರುವ ಸಿಆರ್ 2032 ಮುಂತಾದ ಬರಹ ಮಂತ್ರಾಕ್ಷರವಲ್ಲ, ಸಾರ್ಥಕವಾದ ಸಂಜ್ಞೆ. ಮೊದಲ ಅಕ್ಷರ ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡಿನ ರಚನೆಯನ್ನು, ಎರಡನೆಯದು ದುಂಡಗಿನ ಆಕಾರವನ್ನು ಸೂಚಿಸುತ್ತದೆ. 20 ಎಂಬುದು ಮಿಲಿಮೀಟರಿನಲ್ಲಿ ವ್ಯಾಸ. 32 ಎಂಬುದು ಮಿಲಿಮೀಟರಿನ ಹತ್ತನೆಯ ಭಾಗಗಳಲ್ಲಿ ದಪ್ಪ, ಎಂದರೆ 3.2 ಮಿಲಿಮೀಟರು. ಈ ಲೆಕ್ಕದಂತೆ ಸಿಆರ್ 2025ರ ದಪ್ಪ 2.5, ಸಿಆರ್ 2016ರ ದಪ್ಪ 1.6 ಮಿಲಿಮೀಟರು. ಎಲ್ಲದರ ವೋಲ್ಟೇಜೂ 3 ಎಂದು ಒಂದರ ಬದಲು ಇನ್ನೊಂದನ್ನು ಹಾಕಬಾರದು. ತೆಳುವಾದುದು ಒಳಗೆ ಅಲುಗಾಡಿ ಸಂಪರ್ಕ ತಪ್ಪುತ್ತದೆ; ದಪ್ಪನಾದುದು ಒಳಗಿನ ಲೋಹದ ನಾಲಗೆಯನ್ನು ಬಗ್ಗಿಸಿಬಿಡುತ್ತದೆ. ಹಳೆಯ ಸೆಲ್ಲಿನ ಮೇಲಿದ್ದ ಸಂಖ್ಯೆಯದನ್ನೇ ತರುವುದು ಕ್ಷೇಮಕರ.

ಕವಚವನ್ನು ತೆರೆಯುವಾಗ ಅವಸರ ಕೂಡದು. ಅಂಚಿನಲ್ಲಿ ಚಿಕ್ಕ ಕಚ್ಚೊಂದು ಇರುತ್ತದೆ. ಮೊಂಡು ತುದಿಯ ಸ್ಕ್ರೂಡ್ರೈವರಿಗೆ ತೆಳುಬಟ್ಟೆ ಸುತ್ತಿ ಅಲ್ಲಿ ಮೆಲ್ಲನೆ ತಿರುವಿದರೆ ಕವಚ ಎರಡು ಹೋಳಾಗುತ್ತದೆ. ಕೆಲವದರಲ್ಲಿ ತಿರುಪುಗಳಿರುವುದರಿಂದ ಮೊದಲು ನೋಡಿಕೊಳ್ಳಬೇಕು. ಹಳೆಯ ಸೆಲ್ಲು ಯಾವ ಮುಖ ಮೇಲಾಗಿ ಕುಳಿತಿದೆ ಎಂಬುದನ್ನು ಗುರುತಿಸಿಕೊಂಡು ತೆಗೆಯಬೇಕು. ಹೊಸದನ್ನು ಅಂಚಿನಲ್ಲಿ ಹಿಡಿಯಬೇಕು. ಎರಡು ಮುಖಗಳನ್ನೂ ಏಕಕಾಲದಲ್ಲಿ ಲೋಹದ ಚಿಮಟದಿಂದ ಹಿಡಿದರೆ ವಿದ್ಯುತ್ತು ಅಡ್ಡಹರಿದು ಸೆಲ್ಲು ನಷ್ಟವಾಗುತ್ತದೆ. ಮಕ್ಕಳು ಬಾಯಿಗೆ ಹಾಕದಿರಲೆಂದು ಕೆಲವು ಸೆಲ್ಲುಗಳಿಗೆ ಕಹಿಯ ಲೇಪ ಹಚ್ಚಿರುತ್ತಾರೆ. ಉದ್ದೇಶ ಒಳ್ಳೆಯದೇ ಆದರೂ ಆ ಲೇಪ ಕೆಲವು ಉಪಕರಣಗಳಲ್ಲಿ ಸಂಪರ್ಕಕ್ಕೆ ಅಡ್ಡಿಯಾಗುತ್ತದೆ. ಹೊಸ ಸೆಲ್ಲು ಹಾಕಿದರೂ ಫಲ ಕಾಣದಿದ್ದಾಗ ಇದನ್ನೂ ನೆನೆಯಬೇಕು.

ಇಲ್ಲೊಂದು ಭ್ರಾಂತಿಯನ್ನು ನಿವಾರಿಸಬೇಕಾಗಿದೆ. ಮೀಟರು ಹಿಡಿದು ನೋಡಿ, ಸೆಲ್ಲಿನಲ್ಲಿ ಇನ್ನೂ 3 ವೋಲ್ಟ್ ಇದೆ, ಆದುದರಿಂದ ದೋಷ ಬೇರೆಡೆಯದು ಎಂದು ನಿಶ್ಚಯಿಸುವವರಿದ್ದಾರೆ. ಕೆಲಸವಿಲ್ಲದೆ ಕುಳಿತ ಸೆಲ್ಲಿನ ವೋಲ್ಟೇಜನ್ನು ನಂಬಲಾಗದು. ಹಳೆಯದಾದಂತೆ ಸೆಲ್ಲಿನ ಒಳರೋಧ ಹೆಚ್ಚುತ್ತದೆ. ಗುಂಡಿ ಒತ್ತಿ ರೇಡಿಯೊ ಭಾಗ ವಿದ್ಯುತ್ತನ್ನು ಕೇಳಿದೊಡನೆ ಅದರ ವೋಲ್ಟೇಜು ಕುಸಿಯುತ್ತದೆ. ಕುಳಿತಿದ್ದಾಗ ದೃಢಕಾಯನಂತೆ ತೋರಿ, ಮೂಟೆ ಎತ್ತುವಾಗ ಬೀಳುವ ಮುದುಕನ ಹಾಗೆ. ಸಂದೇಹವಿದ್ದರೆ ಹೊಸ ಸೆಲ್ಲು ಹಾಕಿ ನೋಡುವುದೇ ನಿರ್ಣಾಯಕ ಪರೀಕ್ಷೆ. ಅದರ ಬೆಲೆ ಹೊಸ ಕೀಲಿಕೈಯ ಬೆಲೆಯ ಎದುರು ಲೆಕ್ಕಕ್ಕೇ ಬಾರದು.

ಸಂಪರ್ಕ, ಗುಂಡಿ, ಬೆಸುಗೆ

ಹೊಸ ಸೆಲ್ಲಿಗೂ ಜಗ್ಗದ ಕೀಲಿಕೈಯ ಒಳಭಾಗವನ್ನು ಬೆಳಕಿನಲ್ಲಿ ಪರೀಕ್ಷಿಸಬೇಕು. ಸೆಲ್ಲನ್ನು ಮುಟ್ಟುವ ಲೋಹದ ನಾಲಗೆ ತಗ್ಗಿದ್ದರೆ ಮೆಲ್ಲನೆ ಎತ್ತಿ ಸರಿಪಡಿಸಬೇಕು. ಅದರ ಮೇಲೆ ಬೆವರಿನಿಂದ ಕಿಲುಬು ಕೂತಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಶಾಲೆಯ ಮಕ್ಕಳು ಬಳಸುವ ಪೆನ್ಸಿಲಿನ ರಬ್ಬರಿನಿಂದ ಹಗುರವಾಗಿ ಉಜ್ಜಿದರೂ ಆದೀತು. ಉಪ್ಪುಕಾಗದ ಹಾಕಿ ತಿಕ್ಕಬಾರದು. ಮೇಲಿನ ತೆಳು ಲೇಪ ಹೋದರೆ ಕಿಲುಬು ಮತ್ತಷ್ಟು ಬೇಗ ಹಿಡಿಯುತ್ತದೆ.

ಗುಂಡಿಯ ಕೆಳಗಿರುವ ಸ್ವಿಚ್ಚು ಕಡಲೆಕಾಳಿಗಿಂತ ಚಿಕ್ಕದು. ಒತ್ತಿದಾಗ ಟಕ್ಕೆನ್ನುವ ಸದ್ದು ಬಾರದಿದ್ದರೆ ಅದು ಸವೆದಿದೆ, ಅಥವಾ ಫಲಕದಿಂದ ಅದರ ಕಾಲು ಬಿಟ್ಟುಕೊಂಡಿದೆ. ಸೆಲ್ಲು ಕೂರುವ ಹಿಡಿಯ ಬೆಸುಗೆಯೂ ಬಿದ್ದ ಪೆಟ್ಟಿಗೆ ಹೀಗೆಯೇ ಬಿರಿಯುತ್ತದೆ. ಇವೆರಡೂ ಬೆಸುಗೆಯ ಕೆಲಸ. ಇಕ್ಕಟ್ಟಾದ ಫಲಕದಲ್ಲಿ ಅಭ್ಯಾಸವಿಲ್ಲದವರು ಕಾದ ಕಡ್ಡಿಯನ್ನು ಹಿಡಿಯುವುದು ವಿವೇಕವಲ್ಲ. ಆದರೆ ಊರಿನ ಪೇಟೆಯಲ್ಲಿ ಮೊಬೈಲು, ಟಿ.ವಿ. ದುರಸ್ತಿ ಮಾಡುವ ಕುಶಲಿಗಳಿಗೆ ಇದು ಕೆಲವೇ ನಿಮಿಷಗಳ ಕೆಲಸ. ದೋಷ ಇಂಥ ಕಡೆ ಇದೆ ಎಂದು ಬೆರಳಿಟ್ಟು ತೋರಿಸಬಲ್ಲ ಗಿರಾಕಿಗೆ ಅವರು ಸಂತೋಷದಿಂದಲೇ ಮಾಡಿಕೊಡುತ್ತಾರೆ.

ಮಳೆಯಲ್ಲಿ ನೆನೆದ, ಅಂಗಿಯ ಜೇಬಿನಲ್ಲಿದ್ದು ಒಗೆತಕ್ಕೆ ಹೋದ ಕೀಲಿಕೈಯ ಚಿಕಿತ್ಸೆ ಬೇರೆ. ಮೊದಲು ಸೆಲ್ಲನ್ನು ತೆಗೆದುಬಿಡಬೇಕು. ನೀರಿಗಿಂತಲೂ, ನೀರಿನಲ್ಲಿ ವಿದ್ಯುತ್ತು ಹರಿಯುವುದರಿಂದಲೇ ಫಲಕಕ್ಕೆ ಹೆಚ್ಚು ಹಾನಿ. ಆಮೇಲೆ ಫಲಕವನ್ನು ಆಲ್ಕೊಹಾಲಿನಿಂದ ಒರೆಸಿ, ನೆರಳು ಮತ್ತು ಗಾಳಿಯಿರುವ ಸ್ಥಳದಲ್ಲಿ ಒಂದೆರಡು ದಿನ ಒಣಗಲು ಬಿಡಬೇಕು. ಒಲೆಯ ಮೇಲೆ ಕಾಯಿಸುವುದು, ಗುಂಡಿ ಒತ್ತಿ ಒತ್ತಿ ಪರೀಕ್ಷಿಸುವುದು, ಎರಡೂ ಅಪಾಯಕರ.

ಮರೆತುಹೋದ ಮಾತು

ಸೆಲ್ಲು ಹೊಸದು, ಸಂಪರ್ಕ ಶುದ್ಧ, ಗುಂಡಿ ಸರಿ; ಆದರೂ ಕಾರು ಓಗೊಡುವುದಿಲ್ಲ. ಆಗ ಕೀಲಿಕೈಗೂ ಕಾರಿಗೂ ಇದ್ದ ಒಡಂಬಡಿಕೆ ತಪ್ಪಿರಬಹುದು. ಇದನ್ನು ತಿಳಿಯಲು ರಾಮಾಯಣದ ಪ್ರಸಂಗವೊಂದು ಸಹಾಯಕವಾಗುತ್ತದೆ. ಹನುಮಂತನು ಅಶೋಕವನದಲ್ಲಿ ಸೀತೆಗೆ ರಾಮನ ಉಂಗುರವನ್ನು ಕೊಟ್ಟು ತಾನು ದೂತನೆಂಬುದನ್ನು ಸ್ಥಾಪಿಸಿದನು. ಮರಳುವಾಗ ಸೀತೆ ಚೂಡಾಮಣಿಯನ್ನು ಕೊಟ್ಟುದಲ್ಲದೆ, ತನಗೂ ರಾಮನಿಗೂ ಮಾತ್ರ ತಿಳಿದಿದ್ದ ಕಾಗೆಯ ವೃತ್ತಾಂತವನ್ನೂ ಹೇಳಿ ಕಳುಹಿಸಿದಳು. ಉಂಗುರವನ್ನು ಕದಿಯಬಹುದು, ಅದರಂತೆಯೇ ಇನ್ನೊಂದನ್ನು ಮಾಡಿಸಬಹುದು. ಇಬ್ಬರೇ ಬಲ್ಲ ರಹಸ್ಯವನ್ನು ಹಾಗೆ ಮಾಡಲಾಗದು.

ಮೊದಲ ತಲೆಮಾರಿನ ರಿಮೋಟುಗಳು ಉಂಗುರದಂತೆ ಪ್ರತಿಸಲವೂ ಒಂದೇ ಸಂಕೇತವನ್ನು ಕಳುಹಿಸುತ್ತಿದ್ದುವು. ಕಳ್ಳನು ಅದನ್ನು ಒಮ್ಮೆ ಹಿಡಿದಿಟ್ಟುಕೊಂಡರೆ ಮತ್ತೆ ಮತ್ತೆ ಪ್ರಯೋಗಿಸಬಹುದಾಗಿತ್ತು. ಅದಕ್ಕೆ ಪರಿಹಾರವಾಗಿ ಪ್ರತಿಸಲವೂ ಬದಲಾಗುವ ಸಂಕೇತದ ಏರ್ಪಾಡು ಬಂದಿತು. 1980ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡು, 1995ರಲ್ಲಿ ಅಮೆರಿಕದ ಮೈಕ್ರೊಚಿಪ್ ಕಂಪನಿಗೆ ಮಾರಾಟವಾದ ಕೀಲಾಕ್ ಎಂಬ ಪದ್ಧತಿ ಇವುಗಳಲ್ಲಿ ಪ್ರಸಿದ್ಧವಾದುದು. ಕೀಲಿಕೈಯಲ್ಲಿಯೂ ಕಾರಿನಲ್ಲಿಯೂ ಒಂದೇ ಗುಟ್ಟಿನ ಸೂತ್ರವಿರುತ್ತದೆ, ಜೊತೆಗೆ ಒಂದು ಎಣಿಕೆ ಇರುತ್ತದೆ. ಗುಂಡಿ ಒತ್ತಿದಾಗಲೆಲ್ಲ ಎಣಿಕೆ ಒಂದು ಏರಿ, ಅದರಿಂದ ಹೊಸ ಸಂಕೇತ ಹುಟ್ಟುತ್ತದೆ. ಒಮ್ಮೆ ಬಳಸಿದ ಸಂಕೇತವನ್ನು ಕಾರು ಮತ್ತೆ ಒಪ್ಪುವುದಿಲ್ಲ.

ಈಗ, ಕಾರು ದೂರದಲ್ಲಿರುವಾಗ ಮಗುವೊಂದು ಕೀಲಿಕೈಯನ್ನು ಆಟಿಕೆಯಾಗಿ ಹಿಡಿದು ಬಹಳ ಸಲ ಒತ್ತಿದರೆ ಏನಾಗುವುದು? ಕೀಲಿಕೈಯ ಎಣಿಕೆ ಮುಂದೆ ಓಡುತ್ತದೆ, ಕಾರಿನ ಎಣಿಕೆ ಹಿಂದೆ ಉಳಿಯುತ್ತದೆ. ಕೀಲಾಕ್ ಪದ್ಧತಿಯ ಸಾಮಾನ್ಯ ಏರ್ಪಾಡಿನಲ್ಲಿ ಮುಂದಿನ 16 ಎಣಿಕೆಗಳೊಳಗಿನ ಅಂತರವನ್ನು ಕಾರು ತಾನಾಗಿಯೇ ಕ್ಷಮಿಸುತ್ತದೆ. ಅದನ್ನು ಮೀರಿದರೆ ಬೆನ್ನುಬೆನ್ನಿಗೆ ಎರಡು ಸರಿಯಾದ ಸಂಕೇತಗಳನ್ನು ಕೇಳಿದ ಮೇಲೆ ಮಾತ್ರ ನಂಬುತ್ತದೆ. ಆದುದರಿಂದ ಇಂಥ ಸಂದರ್ಭದಲ್ಲಿ ಕಾರಿನ ಪಕ್ಕದಲ್ಲಿ ನಿಂತು ನಾಲ್ಕಾರು ಸಲ ಒತ್ತಿ ನೋಡುವುದು ಮೂಢನಂಬಿಕೆಯಲ್ಲ, ಸಕಾರಣವಾದ ಉಪಾಯ. ಅದರಿಂದಲೂ ಆಗದಿದ್ದರೆ ಒಡಂಬಡಿಕೆಯನ್ನು ಹೊಸದಾಗಿ ಮಾಡಿಸಬೇಕು. ಅದರ ಕ್ರಮ ಒಂದೊಂದು ಕಾರಿಗೆ ಒಂದೊಂದು ಬಗೆ. ಕೆಲವದರಲ್ಲಿ ಕೀಲಿಯನ್ನು ಗೊತ್ತಾದಷ್ಟು ಸಲ ತಿರುಗಿಸಿ ಗುಂಡಿ ಒತ್ತಿದರೆ ಸಾಕು, ಕೆಲವದಕ್ಕೆ ಅಧಿಕೃತ ಕಾರ್ಯಾಗಾರದ ಯಂತ್ರವೇ ಬೇಕು. ಕಾರಿನೊಡನೆ ಬಂದ ಕೈಪಿಡಿಯನ್ನು ಓದುವ ಶ್ರಮ ಇಲ್ಲಿ ಸಾರ್ಥಕವಾಗುತ್ತದೆ.

ಕಸವೆಂದು ಎಸೆದ ಗುರುತು

ಈ ಪ್ರಕರಣದಲ್ಲಿ ಅತ್ಯಂತ ದುಬಾರಿಯಾದ ತಪ್ಪು ಅತ್ಯಂತ ಸುಲಭವಾಗಿ ಆಗುವಂಥದು. ಕವಚ ಒಡೆದ ಕೀಲಿಕೈಗೆ ಪೇಟೆಯಲ್ಲಿ ಹೊಸ ಕವಚ ಕಡಮೆ ಬೆಲೆಗೆ ಸಿಗುತ್ತದೆ. ಮನೆಯಲ್ಲಿಯೇ ಹಳೆಯ ಕವಚವನ್ನು ತೆರೆದು, ಗುಂಡಿಗಳ ಫಲಕವನ್ನು ಹೊಸದಕ್ಕೆ ವರ್ಗಾಯಿಸಿ, ಅಲುಗನ್ನು ಜೋಡಿಸಿ, ಹಳೆಯದನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಬಾಗಿಲು ಚೆನ್ನಾಗಿ ತೆರೆಯುತ್ತದೆ. ಇಂಜಿನು ಮಾತ್ರ ಚಾಲೂ ಆಗುವುದಿಲ್ಲ. ಕಾರಣವೇನೆಂದರೆ, ಹಲವು ಕೀಲಿಕೈಗಳಲ್ಲಿ ಗುರುತಿನ ಚಿಪ್ಪು ಗುಂಡಿಗಳ ಫಲಕದಲ್ಲಿರುವುದಿಲ್ಲ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗಾಜಿನ ನಳಿಕೆಯಾಗಿಯೋ, ಕಪ್ಪು ಬೆಣೆಯಂಥ ಚೂರಾಗಿಯೋ ಅದು ಕವಚದ ಮೂಲೆಯಲ್ಲಿ ಪ್ರತ್ಯೇಕವಾಗಿ ಕುಳಿತಿರುತ್ತದೆ. ಪ್ಲಾಸ್ಟಿಕ್ಕಿನ ತುಣುಕೆಂದು ಬಗೆದು ಎಸೆದುದು ಕೀಲಿಕೈಯ ಹೆಸರಾಗಿತ್ತು. ಆದುದರಿಂದ ಹೊಸ ಕವಚದಿಂದ ಇಂಜಿನು ಚಾಲೂ ಆಗಿ, ಕೆಲವು ದಿನ ನಿರಾತಂಕವಾಗಿ ನಡೆಯುವವರೆಗೆ ಹಳೆಯ ಕವಚವನ್ನು ಎಸೆಯಲೇಬಾರದು.

ಚಿಪ್ಪು ಕಳೆದರೆ ಹೊಸ ಚಿಪ್ಪನ್ನು ಕಾರಿಗೆ ಪರಿಚಯಿಸಬೇಕಾಗುತ್ತದೆ. ಒಂದು ಕೀಲಿಕೈಯಾದರೂ ಉಳಿದಿದ್ದರೆ ಆ ಕೆಲಸ ಸುಲಭ, ವೆಚ್ಚವೂ ಕಡಮೆ. ಎಲ್ಲವೂ ಕಳೆದುಹೋಗಿದ್ದರೆ ಕಷ್ಟವೂ ವೆಚ್ಚವೂ ಇಮ್ಮಡಿಯಾಗುತ್ತವೆ. ಹಳೆಯ ಕಾರನ್ನು ಕೊಳ್ಳುವವರು ಎರಡು ಕೀಲಿಕೈಗಳನ್ನೂ ಕೇಳಿ ಪಡೆಯುವುದು ಈ ಕಾರಣದಿಂದ ಅವಶ್ಯ.

ಮಕ್ಕಳಿರುವ ಮನೆಗೆ ಒಂದು ಎಚ್ಚರಿಕೆ

ಶಾಲೆಗೆ ಸಂಬಂಧಿಸಿದ ಪುಟಗಳಲ್ಲಿ ಈ ಮಾತನ್ನು ಹೇಳದೆ ಮುಗಿಸುವುದು ಸರಿಯಲ್ಲ. ಕೀಲಿಕೈಯಿಂದ ತೆಗೆದ ಹಳೆಯ ಬಿಲ್ಲೆ ಸೆಲ್ಲು ಚಿಕ್ಕ ಮಕ್ಕಳ ಪಾಲಿಗೆ ಪ್ರಾಣಾಪಾಯಕರವಾದ ವಸ್ತು. 20 ಮಿಲಿಮೀಟರ್ ವ್ಯಾಸದ ಸೆಲ್ಲನ್ನು ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಸಂಭವವಿದೆ. ಅಲ್ಲಿಯ ತೇವದಲ್ಲಿ ವಿದ್ಯುತ್ತು ಹರಿದು, ಸೆಲ್ಲಿನ ಋಣಮುಖದ ಬಳಿ ತೀವ್ರವಾದ ಕ್ಷಾರ ಉಂಟಾಗಿ, ಎರಡು ಗಂಟೆಗಳೊಳಗೇ ಅನ್ನನಾಳ ಸುಡಬಲ್ಲದು. ಕಾರಿಗೆ ಉಪಯೋಗಕ್ಕೆ ಬಾರದ ಸೆಲ್ಲಿನಲ್ಲಿಯೂ ಈ ಹಾನಿಗೆ ಬೇಕಾದಷ್ಟು ಶಕ್ತಿ ಉಳಿದಿರುತ್ತದೆ. ಮಗು ನುಂಗಿತೆಂಬ ಶಂಕೆ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಮಲದಲ್ಲಿ ಬರಲೆಂದು ಕಾಯದೆ, ಕ್ಷಕಿರಣ ಪರೀಕ್ಷೆಯ ಸೌಕರ್ಯವಿರುವ ಆಸ್ಪತ್ರೆಗೆ ಒಡನೆಯೇ ಕೊಂಡೊಯ್ಯಬೇಕು. ಅಳುವ ಮಗುವಿಗೆ ಕೀಲಿಕೈಯನ್ನು ಆಡಲು ಕೊಡುವ ರೂಢಿಯನ್ನು ಇಂದೇ ಬಿಡಬೇಕು. ತೆಗೆದ ಸೆಲ್ಲಿನ ಎರಡು ಮುಖಗಳಿಗೂ ಅಂಟುಪಟ್ಟಿ ಹಚ್ಚಿ, ಮಕ್ಕಳ ಕೈಗೆ ಎಟುಕದಂತಿಟ್ಟು, ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಕೇಂದ್ರಕ್ಕೆ ಒಪ್ಪಿಸಬೇಕು. ಬಳಸಿದ ಬ್ಯಾಟರಿಗಳ ನಿರ್ವಹಣೆಗೆಂದು ಭಾರತ ಸರ್ಕಾರವು 2022ರಲ್ಲಿ ಪ್ರತ್ಯೇಕ ನಿಯಮಗಳನ್ನೇ ಜಾರಿಗೆ ತಂದಿದೆ.

ಉಪಸಂಹಾರ

ಮೇಲಿನ ವಿವರಣೆಯ ಸಾರವನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು. ಅಲುಗು ಎಲ್ಲಿದೆ, ಅದು ಹೊಗುವ ರಂಧ್ರ ಎಲ್ಲಿದೆ ಎಂಬುದನ್ನು ಬಿಡುವಿದ್ದ ದಿನವೇ ಹಗಲಿನಲ್ಲಿ ನೋಡಿಟ್ಟುಕೊಳ್ಳಬೇಕು. ಸೆಲ್ಲಿನ ಸಂಖ್ಯೆಯನ್ನು ಬರೆದಿಟ್ಟು, ಹೊಸದೊಂದನ್ನು ಮನೆಯಲ್ಲಿ ಭದ್ರವಾಗಿ ಇಟ್ಟಿರಬೇಕು. ಎರಡನೆಯ ಕೀಲಿಕೈಯನ್ನು ವರ್ಷಕ್ಕೆರಡು ಸಲವಾದರೂ ಬಳಸಿ ನೋಡಬೇಕು. ಯಾವ ಅಂಗ ಕೆಟ್ಟಿದೆ ಎಂಬುದನ್ನು ನಿರ್ಣಯಿಸದೆ ಯಾವುದನ್ನೂ ಎಸೆಯಬಾರದು, ಯಾವುದನ್ನೂ ಕೊಳ್ಳಬಾರದು.

ಕಾಯಕದಲ್ಲಿ ಹಿರಿದು ಕಿರಿದೆಂಬ ಭೇದವಿಲ್ಲವೆಂಬುದು ಶರಣರು ಬದುಕಿ ತೋರಿದ ತತ್ತ್ವ. ಅಂಗೈಯಗಲದ ಉಪಕರಣದ ಒಳಗಣ್ಣನ್ನು ತೆರೆದು ನೋಡಿ, ಬಿರಿದ ಬೆಸುಗೆಯೊಂದನ್ನು ಕೂಡಿಸುವ ಪೇಟೆಯ ಕುಶಲಿಯ ಕೆಲಸವೂ ಆ ತತ್ತ್ವಕ್ಕೆ ಹೊರಗಾದುದಲ್ಲ. ಕೆಟ್ಟುದನ್ನು ಎಸೆದು ಹೊಸದನ್ನು ಕೊಳ್ಳಲು ಹಣವೊಂದಿದ್ದರೆ ಸಾಕು. ಕೆಟ್ಟುದೇಕೆಂದು ಅರಿತು ಸರಿಪಡಿಸಲು ತಿಳಿವಳಿಕೆ ಬೇಕು. ವಿದ್ಯಾಲಯಗಳು ಕೊಡಬೇಕಾದುದು ಈ ಎರಡನೆಯದನ್ನು.

ಜಾತ್ರೆಯ ರಾತ್ರಿ ಕಾರಿನ ಮುಂದೆ ನಿಂತ ಆ ಹಳೆಯ ವಿದ್ಯಾರ್ಥಿಗೆ ಇಷ್ಟು ತಿಳಿದಿದ್ದರೆ, ಅವರು ಕಲ್ಲನ್ನು ಹುಡುಕುವುದಿಲ್ಲ. ಕವಚದ ಕೊಕ್ಕೆಯನ್ನು ಸರಿಸಿ, ಅಲುಗನ್ನು ಎಳೆದು, ಬಾಗಿಲನ್ನು ತೆರೆದು, ಮೊದಲು ತಾಯಿಗೆ ಔಷಧದ ಚೀಲವನ್ನು ತೆಗೆದುಕೊಡುತ್ತಾರೆ. ಸೆಲ್ಲಿನ ಮಾತು ಬೆಳಗಾದ ಮೇಲೆ ನೋಡಿಕೊಂಡರಾಯಿತು.